ಬೋರ್ಡ್ ಬದಲಾದ ಮೇಲೆ ಮುಂಭಾಗದ ವೈರುಗಳು: ತುಮಕೂರಿನ ಒಂದು ರಿಪೇರಿ ಅಂಗಡಿಯ ಕೆಲಸ

ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್, ಕೆಟ್ಟು ಹೊಸದನ್ನು ಹಾಕಿಸುವಾಗ ಸಾಮಾನ್ಯವಾಗಿ ನಾವು ಬೆಲೆಯನ್ನೂ ವಾರಂಟಿಯನ್ನೂ ವಿಚಾರಿಸಿ ಸುಮ್ಮನಾಗುತ್ತೇವೆ. ಕ್ಯಾಬಿನೆಟ್ಟಿನ ಮುಂಭಾಗದ ಬಟನ್ನು, ದೀಪ, ಪೋರ್ಟುಗಳಿಂದ ಬರುವ ಸಣ್ಣ ವೈರುಗಳನ್ನು ಹೊಸ ಬೋರ್ಡಿಗೆ ಹೇಗೆ ಜೋಡಿಸುತ್ತಾರೆ ಎಂದು ಕೇಳುವವರು ಕಡಿಮೆ. ಅಂಗಡಿಯವರ ಕಸುಬಿನ ಗುಣ ಗೊತ್ತಾಗುವುದು ಮಾತ್ರ ಅಲ್ಲಿಯೇ. ತುಮಕೂರಿನ ಎಂ.ಜಿ. ರಸ್ತೆಯ ಪಕ್ಕದ ಅಡ್ಡರಸ್ತೆಯೊಂದರಲ್ಲಿ ಮೊದಲ ಮಹಡಿಯಲ್ಲಿರುವ ಚಿಕ್ಕ ರಿಪೇರಿ ಅಂಗಡಿಯ ಬಗ್ಗೆ ಬರೆಯಬೇಕೆನಿಸಿದ್ದು ಇದೇ ಕಾರಣಕ್ಕೆ.

ನಮ್ಮ ಡಿಟಿಪಿ ಕೇಂದ್ರದ ಯಂತ್ರದಲ್ಲಿದ್ದುದು ಇಂಟೆಲ್‌ನ ಮೂರನೇ ತಲೆಮಾರಿನ ಐ3 ಪ್ರೊಸೆಸರ್ ಮತ್ತು ಬಿ75 ಬೋರ್ಡ್. ಬೋರ್ಡ್ ಸತ್ತುಹೋಯಿತು, ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ ಎಲ್ಲವೂ ಚೆನ್ನಾಗಿದ್ದವು. ಆ ಪ್ರೊಸೆಸರ್ ಕೂರುವ ಅದೇ ಎಲ್‌ಜಿಎ 1155 ಸಾಕೆಟ್ಟಿನ ಎಚ್61 ಬೋರ್ಡನ್ನು ಹಾಕಿಸುವುದೆಂದು ತೀರ್ಮಾನವಾಯಿತು. ಬಿ75 ಬೋರ್ಡಿನ ಚಿಪ್‌ಸೆಟ್‌ನಲ್ಲಿ (ಬೋರ್ಡನ್ನು ನಿಯಂತ್ರಿಸುವ ಚಿಪ್ಪು) ಹೆಚ್ಚು ವೇಗದ ಯುಎಸ್‌ಬಿ 3.0 ಸೌಲಭ್ಯ ಅಡಕವಾಗಿತ್ತು, ಎಚ್61ರಲ್ಲಿ ಅದು ಇಲ್ಲ. ಹೀಗಾಗಿ ಕ್ಯಾಬಿನೆಟ್ಟಿನ ಮುಂಭಾಗದ ನೀಲಿ ಪೋರ್ಟುಗಳಿಂದ ಬರುವ 19 ಪಿನ್ನಿನ ದಪ್ಪ ಕೇಬಲ್ಲಿಗೆ ನಾವು ಕೊಂಡ ಹೊಸ ಬೋರ್ಡಿನಲ್ಲಿ ಜಾಗವೇ ಇರಲಿಲ್ಲ. ಇದನ್ನು ಅಂಗಡಿಯ ಹುಡುಗ ಕೆಲಸಕ್ಕೆ ಕೈಹಾಕುವ ಮೊದಲೇ ತೋರಿಸಿದ. "ಸರ್, ಕನ್ವರ್ಟರ್ ಹಾಕಿದ್ರೆ ಪೋರ್ಟ್ ನಡೆಯುತ್ತೆ, ಆದ್ರೆ ಸ್ಪೀಡು ಕಮ್ಮಿ ಆಗುತ್ತೆ, ಹಾಕ್ಲಾ?" ಎಂದು ಕೇಳಿದ. ಸೆಕೆಂಡಿಗೆ 5 ಗಿಗಾಬಿಟ್ ಇದ್ದ ಗರಿಷ್ಠ ವೇಗ 480 ಮೆಗಾಬಿಟ್‌ಗೆ ಇಳಿಯುತ್ತದೆ. ಗಿರಾಕಿಗಳು ತರುವ ಪೆನ್‌ಡ್ರೈವಿನ ಪಿಡಿಎಫ್‌ಗಳಿಗೆ ಅಷ್ಟು ಸಾಕು, ಆದ್ದರಿಂದ ಒಪ್ಪಿದೆ. ಕೇಳದೆ ಹಾಕಿದ್ದರೆ, ಅಥವಾ ಹೇಳದೆ ಬಿಟ್ಟಿದ್ದರೆ, ನನಗೆ ಬೇಸರವಾಗುತ್ತಿತ್ತು. ಹಿಂದೊಮ್ಮೆ ನಗರದ ಮತ್ತೊಂದು ಅಂಗಡಿಯವರು ಪವರ್ ಬಟನ್ನಿನ ವೈರನ್ನು ಮಾತ್ರ ಸಿಕ್ಕಿಸಿ, ಉಳಿದುದನ್ನೆಲ್ಲ ಗಂಟು ಕಟ್ಟಿ ಒಳಗೆ ತುರುಕಿ ಕೊಟ್ಟಿದ್ದರು. ಪ್ರತಿ ಪೆನ್‌ಡ್ರೈವಿಗೂ ಮೇಜಿನಡಿ ಬಗ್ಗಿ ಹಿಂಭಾಗದ ಪೋರ್ಟನ್ನು ತಡಕಾಡಬೇಕಾಗಿತ್ತು.

ನಾನು ಎದುರಿಗೇ ಕುಳಿತು ನೋಡಿದ್ದು ಪವರ್ ಎಲ್‌ಇಡಿಯ ಕೆಲಸವನ್ನು. ಈ ಬಗೆಯ ಬೋರ್ಡುಗಳಲ್ಲಿ ಸ್ವಿಚ್ಚು ಮತ್ತು ದೀಪಗಳಿಗೆ ಎರಡು ಸಾಲಿನಲ್ಲಿ ಒಂಬತ್ತು ಪಿನ್ನುಗಳಿದ್ದು ಹತ್ತನೆಯ ಜಾಗ ಖಾಲಿ ಇರುತ್ತದೆ. 1 ಮತ್ತು 3 ಹಾರ್ಡ್‌ಡಿಸ್ಕ್ ದೀಪಕ್ಕೆ, 2 ಮತ್ತು 4 ಪವರ್ ದೀಪಕ್ಕೆ, 5 ಮತ್ತು 7 ರೀಸೆಟ್‌ಗೆ, 6 ಮತ್ತು 8 ಪವರ್ ಬಟನ್ನಿಗೆ. ನಮ್ಮ ಹಳೆಯ ಕ್ಯಾಬಿನೆಟ್ಟಿನ ಪವರ್ ದೀಪದ ಕನೆಕ್ಟರಿನಲ್ಲಿ ಮೂರು ತೂತುಗಳಿದ್ದು, ನಡುವಿನದು ಖಾಲಿ ಇತ್ತು. ಪಕ್ಕಪಕ್ಕದ ಎರಡು ಪಿನ್ನುಗಳಿಗೆ ಅದು ಕೂರುವಂತಿರಲಿಲ್ಲ. ಆ ಹುಡುಗ ಗುಂಡುಸೂಜಿಯ ಮೊನೆಯಿಂದ ಪ್ಲಾಸ್ಟಿಕ್ಕಿನ ಸಣ್ಣ ನಾಲಿಗೆಯನ್ನು ಎತ್ತಿ, ಲೋಹದ ತುದಿಯನ್ನು ವೈರಿನ ಸಮೇತ ಹಿಂದಕ್ಕೆ ಎಳೆದು, ಹಳೆಯ ಸಾಮಾನಿನ ಡಬ್ಬಿಯಿಂದ ಎರಡು ತೂತಿನ ಕವಚವೊಂದನ್ನು ಹುಡುಕಿ ಅದರೊಳಗೆ ಎರಡೂ ತುದಿಗಳನ್ನು ಟಿಕ್ ಎನ್ನುವವರೆಗೆ ತಳ್ಳಿದ. ವೈರು ಕತ್ತರಿಸಲಿಲ್ಲ, ಟೇಪು ಸುತ್ತಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೈಕೆಲಸವನ್ನು ನೋಡುವುದೇ ಒಂದು ಸಂತೋಷ.

ಪವರ್ ಬಟನ್ನು ಮತ್ತು ರೀಸೆಟ್ ವೈರುಗಳ ಮೇಲಿನ ಬರಹ ಅಳಿಸಿಹೋಗಿತ್ತು. ಅವನ್ನು ಊಹೆಯ ಮೇಲೆ ಸಿಕ್ಕಿಸದೆ, ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಎರಡು ತುದಿಗಳ ನಡುವೆ ಸಂಪರ್ಕವಿದ್ದರೆ ಬೀಪ್ ಎನ್ನುವ ಕ್ರಮ) ಇಟ್ಟು, ಬಟನ್ ಒತ್ತಿದಾಗ ಯಾವ ಜೋಡಿ ಬೀಪ್ ಎನ್ನುತ್ತದೆ ಎಂದು ನೋಡಿಕೊಂಡ. ಸ್ವಿಚ್ಚಿಗೆ ಪ್ಲಸ್ ಮೈನಸ್ ಭೇದವಿಲ್ಲ, ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. ಎಲ್‌ಇಡಿ ತಿರುಗುಮುರುಗಾದರೆ ಉರಿಯುವುದಿಲ್ಲ. ಯುಎಸ್‌ಬಿ ಮತ್ತು ಆಡಿಯೋ ಕೇಬಲ್ಲುಗಳಲ್ಲಿ ಮಾತ್ರ ನಿಜವಾಗಿ ಎಚ್ಚರ ಬೇಕು. ಬೋರ್ಡಿನಲ್ಲಿ ಎರಡಕ್ಕೂ ಒಂಬತ್ತೊಂಬತ್ತು ಪಿನ್ನುಗಳಿದ್ದು ನೋಡಲು ಒಂದೇ ತರಹ ಕಾಣುತ್ತವೆ, ಆದರೆ ಯುಎಸ್‌ಬಿಯಲ್ಲಿ ಒಂಬತ್ತನೆಯ ಪಿನ್ ಇರುವುದಿಲ್ಲ, ಆಡಿಯೋದಲ್ಲಿ ಎಂಟನೆಯದು ಇರುವುದಿಲ್ಲ. ಯುಎಸ್‌ಬಿಯ ಮೊದಲೆರಡು ಪಿನ್ನುಗಳಲ್ಲಿ 5 ವೋಲ್ಟ್ ಇರುವುದರಿಂದ, ಬಲವಂತವಾಗಿ ತಪ್ಪು ಜಾಗಕ್ಕೆ ಒತ್ತಿದರೆ ಬೋರ್ಡೋ ಗಿರಾಕಿಯ ಪೆನ್‌ಡ್ರೈವೋ ಹಾಳಾಗಬಹುದು. ಆಡಿಯೋ ಕೇಬಲ್ಲಿಗೆ ಎಚ್‌ಡಿ ಮತ್ತು ಅದಕ್ಕಿಂತ ಹಳೆಯ ಮಾದರಿಯ ಎಸಿ97 ಎಂಬ ಎರಡು ತುದಿಗಳಿದ್ದವು. ಎಚ್‌ಡಿ ತುದಿಯನ್ನೇ ಹಾಕಿದ್ದರಿಂದ ಹೆಡ್‌ಫೋನ್ ಚುಚ್ಚಿದ ತಕ್ಷಣ ಯಂತ್ರ ಗುರುತಿಸುತ್ತದೆ.

ಕೊರತೆಗಳೂ ಇವೆ. ಯುಎಸ್‌ಬಿ ಕೇಬಲ್ಲನ್ನು ಪ್ರೊಸೆಸರಿನ ಫ್ಯಾನಿನ ಹತ್ತಿರವೇ ಸಡಿಲವಾಗಿ ಬಿಟ್ಟಿದ್ದರು. ನಾನು ಹೇಳಿದ ಮೇಲೆ ಟೈ ಹಾಕಿ ಪಕ್ಕಕ್ಕೆ ಬಿಗಿದರು. ಬೋರ್ಡಿನ ಜೊತೆ ಬಂದ ಪುಸ್ತಿಕೆಯನ್ನು ಕೇಳದೆ ಕೊಡಲಿಲ್ಲ, ಪಿನ್ನುಗಳ ನಕ್ಷೆ ಇರುವುದು ಅದರಲ್ಲಿಯೇ. ಮಹಡಿಯ ಮೆಟ್ಟಿಲು ಕಿರಿದಾಗಿದ್ದು, ಕ್ಯಾಬಿನೆಟ್ ಹೊತ್ತು ಹತ್ತುವುದು ವಯಸ್ಸಾದವರಿಗೆ ಕಷ್ಟ.

ಜೋಡಣೆಗೆ 400 ರೂಪಾಯಿ ತೆಗೆದುಕೊಂಡರು, ಕನ್ವರ್ಟರಿನ ಬೆಲೆ ಬೇರೆ. ಹಣ ಕೊಡುವ ಮೊದಲು ಎರಡೂ ದೀಪ, ಎರಡೂ ಬಟನ್ನು, ಮುಂಭಾಗದ ಪ್ರತಿಯೊಂದು ಪೋರ್ಟು ಮತ್ತು ಹೆಡ್‌ಫೋನನ್ನು ನನ್ನೆದುರೇ ಪರೀಕ್ಷಿಸಿ ತೋರಿಸಿದರು. ಬಿಲ್ಲು ಕೈಬರಹದ್ದು, ಬೋರ್ಡಿನ ಸೀರಿಯಲ್ ನಂಬರನ್ನು ಕೇಳಿ ಬರೆಸಿಕೊಂಡೆ, ಹೋಗುವವರೂ ಬರೆಸಿಕೊಳ್ಳಬೇಕು.