ಗೀಸರ್ ತೊಟ್ಟಿಕ್ಕುವುದನ್ನು ಯಾರಿಂದಲೂ ನಿಲ್ಲಿಸಿಕೊಳ್ಳಬೇಡಿ

ನಾನು ಒಬ್ಬನಿಂದ ನಿಲ್ಲಿಸಿಕೊಂಡೆ. ಅದಕ್ಕೆ 4,850 ರೂಪಾಯಿ ಕೊಟ್ಟೆ, ಮೇಲೆ ಕಾಫಿಯನ್ನೂ ಕೊಟ್ಟೆ.

ಬೆಂಗಳೂರಿನ ನಮ್ಮ ಮನೆಯ ಗೀಸರ್‌ಗೆ ಒಂಬತ್ತು ವರ್ಷ. 25 ಲೀಟರಿನದು, 2,000 ವಾಟ್. ಡಿಸೆಂಬರ್ ಚಳಿ ಶುರುವಾದಾಗ ನೀರು ಉಗುರುಬೆಚ್ಚಗಾದೊಡನೆಯೇ ಕೆಂಪು ದೀಪ ಆರಿಹೋಗತೊಡಗಿತು. ಜೊತೆಗೆ ಕೆಳಗಿನ ಸೇಫ್ಟಿ ವಾಲ್ವಿನ ಸಣ್ಣ ಮೂತಿಯಿಂದ ಹನಿ ಬೀಳುವುದು ಮೊದಲಿನಿಂದಲೂ ಇತ್ತು. ನಮ್ಮ ಅತ್ತೆಯವರಿಗೆ ಆ ಸದ್ದು ಕೇಳಿದರೆ ಆಗದು, ನೀರು ಪೋಲಾಗುತ್ತದೆಂಬ ಸಂಕಟ ಬೇರೆ. ಮೊಬೈಲಿನಲ್ಲಿ ಕಂಪನಿಯ ಹೆಸರಿನ ಜೊತೆ ‘ಸರ್ವಿಸ್ ಸೆಂಟರ್’ ಎಂದು ಹುಡುಕಿ, ಮೊದಲು ಕಂಡ ಸಂಖ್ಯೆಗೆ ಫೋನ್ ಮಾಡಿದೆ. ಭೇಟಿ ಶುಲ್ಕ ಬರೀ 199 ರೂಪಾಯಿ ಎಂದರು.

ಬಂದ ಹುಡುಗ ಚುರುಕಾಗಿದ್ದ. ಗೀಸರ್ ಬಿಚ್ಚಿದವನೇ, “ಮೇಡಂ, ಕಾಯಿಲ್ ಪೂರ್ತಿ ಹೋಗಿದೆ, ವಾಲ್ವೂ ಹೋಗಿದೆ” ಎಂದ. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿತ್ತು. ನಾನು ಆ ಕಡೆ ಹೋದೆ. ವಾಪಸು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಳೆಯ ಸಾಮಾನು ಅವನ ಚೀಲ ಸೇರಿತ್ತು, ಬಿಲ್ಲು ಅಂಗಡಿಯಲ್ಲಿ ಸಿಗುವ ಖಾಲಿ ಪುಸ್ತಕದ ಹಾಳೆಯಲ್ಲಿತ್ತು. ಆದರೆ ನೀರು ಮಾತ್ರ ಹೊಗೆಯಾಡುತ್ತ ಬಂತು, ಹನಿ ನಿಂತಿತು. ಮನೆಯವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಆ ದಿನದಿಂದ ಕೆಂಪು ದೀಪ ಆರುತ್ತಲೇ ಇರಲಿಲ್ಲ. ನಾವೇ ಸ್ವಿಚ್ ಆರಿಸಬೇಕಿತ್ತು. ಹೊಸ ಕಾಯಿಲ್ ಅಲ್ಲವೇ, ಚೆನ್ನಾಗಿ ಕಾಯಿಸುತ್ತಿದೆ ಎಂದುಕೊಂಡು ಸುಮ್ಮನಾದೆ.

ಮೂರು ವಾರದ ಬಳಿಕ ಒಂದು ಭಾನುವಾರ, ಎಣ್ಣೆಸ್ನಾನದ ದಿನ. ಅತ್ತೆಯವರ ಸ್ನಾನ ಮುಗಿದ ಮೇಲೆ ಮಗನಿಗೆಂದು ಮತ್ತೆ ಸ್ವಿಚ್ ಹಾಕಿದೆ. ಅಷ್ಟರಲ್ಲಿ ತಂಗಿಯ ಫೋನ್ ಬಂತು. ಮಾತು ಮುಗಿದಾಗ ಗಂಟೆಯ ಮೇಲಾಗಿತ್ತು. ಬಚ್ಚಲಿನಿಂದ ಮೊದಲು ಗುಡುಗುಡು ಸದ್ದು, ಆಮೇಲೆ ಪಟಾಕಿ ಹೊಡೆದ ಹಾಗೆ ಒಂದು ಏಟು. ಬಿಸಿನೀರಿನ ಕನೆಕ್ಷನ್ ಪೈಪ್ ಹರಿದು, ಕುದಿನೀರು ಎದುರಿನ ಗೋಡೆಗೆ ರಾಚುತ್ತಿತ್ತು. ಸ್ವಿಚ್ ಬಚ್ಚಲಿನ ಹೊರಗಿದ್ದದ್ದು ನಮ್ಮ ಪುಣ್ಯ. ನೀರು ರಾಚುತ್ತಿದ್ದದ್ದು ಮಗ ದಿನವೂ ನಿಂತು ಹಲ್ಲುಜ್ಜುವ ಜಾಗಕ್ಕೆ, ಸರಿಯಾಗಿ ಅವನ ಮುಖದ ಎತ್ತರಕ್ಕೆ.

ನಮ್ಮ ಬೀದಿಯ ಹಳೆಯ ಪ್ಲಂಬರ್ ಮೇಸ್ತ್ರಿಯವರನ್ನು ಕರೆಸಿದೆ. ಅವರು ಪಾನಾ ಕೆಳಗಿಡುವ ಮೊದಲೇ ತಲೆಯೆತ್ತಿ ನೋಡಿ ಕೇಳಿದರು: “ಈ ವಾಲ್ವಿನ ಬಾಯಿಗೆ ಪ್ಲಗ್ ಹಾಕಿ ಮುಚ್ಚಿದವರು ಯಾರಮ್ಮಾ?”

ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು 350 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು ಹೆಚ್ಚುತ್ತದೆ. ವಾಲ್ವಿನೊಳಗೆ ನೀರು ಹಿಂದಕ್ಕೆ ಹೋಗದಂತೆ ತಡೆಯೂ ಇರುವುದರಿಂದ, ನಲ್ಲಿ ಮುಚ್ಚಿದ್ದರೆ ಆ ಹೆಚ್ಚಿನ ನೀರಿಗೆ ಇರುವ ದಾರಿ ಆ ಸಣ್ಣ ಮೂತಿ ಒಂದೇ. ಕಾಯುವಾಗ ನಾಲ್ಕು ಹನಿ ಬಿದ್ದರೆ ವಾಲ್ವ್ ಕೆಟ್ಟಿದೆ ಎಂದಲ್ಲ, ಕೆಲಸ ಮಾಡುತ್ತಿದೆ ಎಂದು ಅರ್ಥ. ಗೀಸರ್ ತಣ್ಣಗಿರುವಾಗಲೂ ದಿನವಿಡೀ ಸೋರುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಬೇಕು. ಮುಚ್ಚುವ ಮಾತಂತೂ ಇಲ್ಲವೇ ಇಲ್ಲ.

ಮೇಸ್ತ್ರಿ ಕೆಳಗಿನ ಮುಚ್ಚಳ ಬಿಚ್ಚಿದರು. ನೀರು ಬೇಕಾದಷ್ಟು ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟಿನ ಎರಡು ವೈರುಗಳನ್ನು ಕಿತ್ತು, ಒಂದಕ್ಕೊಂದು ನೇರವಾಗಿ ಹೊಸೆದು, ಕರಿ ಟೇಪ್ ಸುತ್ತಿತ್ತು. ಅತಿಯಾಗಿ ಕಾದರೆ ಕರೆಂಟ್ ಕಡಿಯಬೇಕಾದ ಕಟೌಟಿನ ಗತಿಯೂ ಅದೇ. ದೀಪ ಏಕೆ ಆರುತ್ತಿರಲಿಲ್ಲ ಎಂದು ಆಗ ತಿಳಿಯಿತು. ಕಾಯಿಲನ್ನು ಹೊರಗೆಳೆದಾಗ ನನಗೆ ನಿಜವಾಗಿ ಸಿಟ್ಟು ಬಂತು. ಮೂರು ವಾರದ ಹಿಂದಿನ ‘ಹೊಸ’ ಕಾಯಿಲಿನ ಮೇಲೆ ಅಕ್ಕಿರೊಟ್ಟಿಯಷ್ಟು ದಪ್ಪ ಸುಣ್ಣದ ಹೊಪ್ಪಳಿಕೆ. ಒಂಬತ್ತು ವರ್ಷದ ಹಳೆಯದೇ ಅಲ್ಲಿತ್ತು! ಹೊಸದು ಎಂದರೆ ವಾಷರ್ ಒಂದೇ.

ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದದ್ದು ಬೋರ್. ಬೋರ್ ನೀರಿನ ಗಡಸುತನ ಪರೀಕ್ಷೆ ಮಾಡಿಸಿದಾಗ ಲೀಟರಿಗೆ 480 ಮಿಲಿಗ್ರಾಂ ಬಂದಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಟ್ಟ 200. ಇಂಥ ನೀರಿಗೆ ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸಬೇಕು, ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಬೇಕು ಎಂದರು ಮೇಸ್ತ್ರಿ. ಟ್ಯಾಂಕಿನ ಬದಲು ತುಕ್ಕಿಗೆ ತಾನು ಸವೆಯುವುದೇ ಆ ಕಡ್ಡಿಯ ಕೆಲಸ. ನಮ್ಮದರಲ್ಲಿ ಅದು ಸವೆದು ನಡುವಿನ ತಂತಿ ಮಾತ್ರ ಉಳಿದಿತ್ತು.

ವೈರಿಂಗ್ ಸರಿಪಡಿಸಲು ಮೇಸ್ತ್ರಿಯೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಇಬ್ಬರೂ ಬಚ್ಚಲಿನ ಬಾಗಿಲಲ್ಲಿ ನಿಂತು ವಾದ ಹೂಡಿದರು. ಪ್ಲಂಬರುಗಳು ವೈರ್ ಮುಟ್ಟುವುದೇ ತಪ್ಪು ಎಂದು ಎಲೆಕ್ಟ್ರಿಷಿಯನ್. ಎಲೆಕ್ಟ್ರಿಷಿಯನ್ನರು ಒಮ್ಮೆಯಾದರೂ ವಾಲ್ವಿನ ಕಡೆ ತಿರುಗಿ ನೋಡಿದ್ದುಂಟೇ ಎಂದು ಮೇಸ್ತ್ರಿ. ಕೇಳುತ್ತ ನಿಂತ ನನಗೆ ಇಬ್ಬರ ಮಾತೂ ಸರಿ ಎನಿಸಿತು. ಗೀಸರ್ ಅರ್ಧ ನೀರಿನ ಕೆಲಸ, ಅರ್ಧ ಕರೆಂಟಿನ ಕೆಲಸ. ಪೂರ್ತಿಯಾಗಿ ಅದು ಯಾರ ಪಾಲಿಗೂ ಬಂದಿಲ್ಲ.

199 ರೂಪಾಯಿಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿಪ್ರಾಯ. “ಅಷ್ಟು ದೂರದಿಂದ ಬಂದರೆ ಅದು ಪೆಟ್ರೋಲಿಗೂ ಸಾಲದಮ್ಮಾ. ಉಳಿದದ್ದನ್ನು ಅವನು ನಿಮ್ಮ ಗೀಸರಿನ ಹೊಟ್ಟೆಯಿಂದಲೇ ತೆಗೆಯಬೇಕು. ನಾವು ಕೈಕೂಲಿ ಐನೂರು ಎಂದರೆ ನೀವು ಚೌಕಾಸಿ ಮಾಡುತ್ತೀರಿ, ಅವನು ಸಾಮಾನಿಗೆ ನಾಲ್ಕು ಸಾವಿರ ಎಂದರೆ ಎಣಿಸಿ ಕೊಡುತ್ತೀರಿ.” ನಾನು ಸುಮ್ಮನಿದ್ದೆ. ಆಮೇಲೆ ಮೇಸ್ತ್ರಿ ಇನ್ನೊಂದು ಮಾತು ಹೇಳಿದರು: “ನೀವು ಅವನಿಗೆ ಹೇಳಿದ್ದು ಸೋರುವುದನ್ನು ನಿಲ್ಲಿಸು ಎಂದು. ಅವನು ನಿಲ್ಲಿಸಿದ.”

ಗ್ಯಾಸ್ ಗೀಸರ್ ಹಾಕಿಸಿದರೆ ಈ ರಗಳೆ ಇಲ್ಲವಲ್ಲ ಎಂದು ಅತ್ತೆಯವರು ನಡುವೆ ಬಾಯಿ ಹಾಕಿದರು. ಮುಚ್ಚಿದ ಬಚ್ಚಲಿನೊಳಗೆ ಅದನ್ನು ಕೂರಿಸಲು ತಾವು ಒಪ್ಪುವುದೇ ಇಲ್ಲವೆಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದರು. ಗಾಳಿ ಸಾಲದೆ ಉರಿದರೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಒಳಗಿದ್ದವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಥರ್ಮೋಸ್ಟಾಟ್, ಕಟೌಟ್, ಕಡ್ಡಿ, ಪೈಪ್, ವಾಲ್ವ್ ಎಲ್ಲ ಹೊಸದು ಹಾಕಿ, ಇಬ್ಬರ ಕೂಲಿಯೂ ಸೇರಿ ಆದದ್ದು 2,900 ರೂಪಾಯಿ. ಕಾಯಿಲನ್ನು ಕೆರೆದು ಮತ್ತೆ ಕೂರಿಸಿದರು, ಈಗಲೂ ಅದೇ ಕಾಯಿಸುತ್ತಿದೆ. ತೆಗೆದ ಹಳೆಯ ಸಾಮಾನನ್ನೆಲ್ಲ ಒಂದು ಪೇಪರಿನಲ್ಲಿ ಕಟ್ಟಿ ನನ್ನ ಕೈಗಿಟ್ಟು ಹೋದರು. ನಿಮ್ಮ ಮನೆಯಲ್ಲಿ ರಿಪೇರಿಯಾದರೆ ಇದನ್ನು ಕೇಳಿ ಪಡೆಯಿರಿ. ರಿಪೇರಿಯಾದ ದಿನವೇ ಅವರೆದುರಿಗೆ ಸ್ವಿಚ್ ಹಾಕಿ, ದೀಪ ತಾನಾಗಿ ಆರುವ ತನಕ ಕಾಯಿರಿ, ಅರ್ಧ ಮುಕ್ಕಾಲು ಗಂಟೆ ಹಿಡಿದರೂ ಸರಿಯೇ. ಆರದಿದ್ದರೆ ದುಡ್ಡು ಕೊಡಬೇಡಿ, ಗೀಸರ್ ಬಳಸಲೂ ಬೇಡಿ. ಫೋನ್ ಸಂಖ್ಯೆಯನ್ನು ವಾರಂಟಿ ಕಾರ್ಡಿನಿಂದಲೋ ಗೀಸರಿನ ಮೈಮೇಲಿನ ಚೀಟಿಯಿಂದಲೋ ತೆಗೆದುಕೊಳ್ಳಿ.

ದುಡ್ಡು ವಾಪಸು ಕೇಳೋಣವೆಂದು ಆ ಹಳೆಯ ಸಂಖ್ಯೆಗೆ ಮತ್ತೆ ಫೋನ್ ಮಾಡಿದೆ. ಸರ್ವಿಸ್ ಸೆಂಟರಿಗೆ ಸ್ವಾಗತ ಎಂದ ಹೆಣ್ಣುಮಗಳು ಬಹಳ ವಿನಯದಿಂದ ಕೇಳಿದಳು: “ಮೇಡಂ, ನಿಮ್ಮದು ಯಾವ ಕಂಪನಿಯ ಗೀಸರ್?” ಮೊದಲ ಸಲವೂ ಇದನ್ನೇ ಕೇಳಿದ್ದರು. ಕಂಪನಿಯ ಹೆಸರನ್ನು ಅವರಿಗೆ ಹೇಳಿಕೊಟ್ಟವಳು ನಾನೇ.