ಎಕ್ಸ್‌ಪಲ್ಸ್ 200 4ವಿ ರ್‍ಯಾಲಿ ಎಡಿಷನ್: ಇಂಜಿನ್ ಬಿಚ್ಚದೆ ಮಣ್ಣಿಗಿಳಿಯುವವರಿಗೆ

ತೀರ್ಪು ಮೊದಲೇ ಹೇಳಿಬಿಡೋಣ. ಹೀರೋ ಕಂಪನಿಯ ಈ ಬೈಕು ವೇಗದ ಬೈಕಲ್ಲ. ಹೆದ್ದಾರಿ 66ರಲ್ಲಿ ಅಂಕೋಲಾದಿಂದ ಕಾರವಾರಕ್ಕೆ ಹೊರಟರೆ ಇದೇ ಬೆಲೆಯ ರಸ್ತೆ ಬೈಕುಗಳು ಇದನ್ನು ಹಿಂದೆ ಹಾಕಿ ಹೋಗುತ್ತವೆ. ಆದರೂ ಶಿರಸಿ, ಯಲ್ಲಾಪುರ, ಕುಮಟಾ ಕಡೆಯಿಂದ ಮೊದಲ ಸಲ ರ್‍ಯಾಲಿಗೋ ಡರ್ಟ್ ಟ್ರ್ಯಾಕಿಗೋ ಹೆಸರು ಕೊಡುವವರಿಗೆ ಕೈಗೆಟಕುವ ಖರ್ಚಿನಲ್ಲಿ ಇಷ್ಟು ಸಿದ್ಧವಾಗಿ ಸಿಗುವ ಬೈಕು ಅಪರೂಪ. ಅದಕ್ಕೆ ಕಾರಣ ಇಂಜಿನ್ನಿನ ಶಕ್ತಿ ಅಂದುಕೊಂಡರೆ ತಪ್ಪು. ಇದರ ಇಂಜಿನ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ, ಅದೇ ಇದರ ಲಾಭ.

ಲೆಕ್ಕ ಹೀಗಿದೆ. 199.6 ಸಿಸಿ, ಒಂದೇ ಸಿಲಿಂಡರ್, ನಾಲ್ಕು ವಾಲ್ವ್, ಆಯಿಲ್ ಕೂಲಿಂಗ್, ಐದು ಗೇರು. 8,500 ಆರ್‌ಪಿಎಂನಲ್ಲಿ 19.1 ಪಿಎಸ್, 6,500ರಲ್ಲಿ 17.35 ನ್ಯೂಟನ್ ಮೀಟರ್ ಟಾರ್ಕ್. ಸಾಮಾನ್ಯ 4ವಿಗೂ ಇದೇ ಇಂಜಿನ್. 2022ರಲ್ಲಿ 1.52 ಲಕ್ಷ ಶೋರೂಂ ಬೆಲೆಗೆ ಬಂದ ರ್‍ಯಾಲಿ ಎಡಿಷನ್ನಿನಲ್ಲಿ ಬದಲಾಗಿದ್ದು ಸಸ್ಪೆನ್ಷನ್. ಮುಂದಿನ ಫೋರ್ಕಿನ ಓಟ, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ದೂರ, 190 ಮಿ.ಮೀ.ನಿಂದ 250ಕ್ಕೆ, ಹಿಂದಿನದು 170ರಿಂದ 220ಕ್ಕೆ ಏರಿತು. ಎರಡೂ ಕಡೆ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ), ಕಂಪ್ರೆಷನ್ (ಒತ್ತಿಕೊಳ್ಳುವ ವೇಗ), ರಿಬೌಂಡ್ (ಮರಳಿ ಚಾಚುವ ವೇಗ) ಮೂರನ್ನೂ ತಿರುಗಿಸಿ ಹೊಂದಿಸಬಹುದು. ಸೀಟು 825ರಿಂದ ಸುಮಾರು 885 ಮಿ.ಮೀ.ಗೆ ಹೋಯಿತು. ಚಕ್ರ ಮುಂದೆ 21, ಹಿಂದೆ 18 ಇಂಚು, ಎರಡೂ ಸ್ಪೋಕ್, ಒಳಗೆ ಟ್ಯೂಬ್. 2023ರಿಂದ ಇದೇ ಉದ್ದನೆಯ ಸಸ್ಪೆನ್ಷನ್ ‘ಪ್ರೊ’ ಹೆಸರಿನಲ್ಲಿ ಬರತೊಡಗಿತು. ಅದರಲ್ಲಿ ಎಬಿಎಸ್ ಪೂರ್ತಿ ಆಫ್ ಮಾಡುವ ರ್‍ಯಾಲಿ ಮೋಡ್ ಕೂಡ ಇದೆ.

ಇಂಜಿನ್ನಿನ ವಿಷಯಕ್ಕೆ ಬರೋಣ. ಪ್ರಾದೇಶಿಕ ಮಟ್ಟದ ರೇಸಿಂಗು ಎಲ್ಲೇ ಇರಲಿ, ಅದು ಸೊರಗುವುದು ಇಂಜಿನ್ ಖರ್ಚಿನಿಂದ. ಅಮೆರಿಕದ ಸ್ಪ್ರಿಂಟ್ ಕಾರುಗಳನ್ನು ನೋಡಿ. ಊರೂರಿನ ಮಣ್ಣಿನ ಅಂಡಾಕಾರದ ಟ್ರ್ಯಾಕುಗಳಲ್ಲಿ ಓಡುವ, ತಲೆಯ ಮೇಲೆ ದೊಡ್ಡ ರೆಕ್ಕೆ ಹೊತ್ತ ಗಾಡಿಗಳವು. ಮೇಲಿನ ದರ್ಜೆಯಲ್ಲಿ 410 ಘನ ಇಂಚಿನ, ಅಂದರೆ 6.7 ಲೀಟರಿನ ವಿ8. ಮೆಥನಾಲ್ ಕುಡಿದು 900 ಹಾರ್ಸ್‌ಪವರ್ ಆಸುಪಾಸು ಕೊಡುತ್ತದೆ. ಗಾಡಿಯ ತೂಕ ಚಾಲಕನನ್ನೂ ಸೇರಿಸಿ 650 ಕೆಜಿಯ ಆಸುಪಾಸು ಇರುತ್ತದೆ. ಇಂಥ ಇಂಜಿನ್ ಕೊಳ್ಳುವುದು ಒಂದು ಖರ್ಚು, ಸೀಸನ್ನಿಗೆ ಮತ್ತೆ ಮತ್ತೆ ಬಿಚ್ಚಿ ಕಟ್ಟುವುದು ಅದಕ್ಕಿಂತ ದೊಡ್ಡ ಖರ್ಚು. ಅದಕ್ಕೇ ಅಲ್ಲಿ 360 ಘನ ಇಂಚಿನ ದರ್ಜೆ ಬಂತು, ಅದರ ಕೆಳಗೆ 305ರದ್ದು. 305ರ ರೇಸ್‌ಸೇವರ್ ನಿಯಮದಲ್ಲಿ ಸಿಲಿಂಡರ್ ಹೆಡ್ ಗೊತ್ತು ಮಾಡಿದ ಮಾದರಿಯದ್ದೇ ಆಗಬೇಕು. ದುಬಾರಿ ಹೆಡ್ಡಿಗೆ ಹಣ ಸುರಿಯುವ ಬಾಗಿಲನ್ನು ಅಲ್ಲೇ ಮುಚ್ಚಿದ್ದಾರೆ. ಇನ್ನೊಂದು ಉಪಾಯ ಕಂಪನಿಯೇ ಸೀಲ್ ಹಾಕಿ ಪೆಟ್ಟಿಗೆಯಲ್ಲಿ ಕಳಿಸುವ ಇಂಜಿನ್. ಷೆವ್ರೊಲೆಯ 602 ಮತ್ತು 604 ಅಂಥವು. ಸೀಲ್ ಬೋಲ್ಟ್ ಬಿಚ್ಚಿದ ಗುರುತು ಕಂಡರೆ ಗಾಡಿ ಹೊರಕ್ಕೆ. ಕೆಲವು ಟ್ರ್ಯಾಕುಗಳಲ್ಲಿ ಕ್ಲೇಮ್ ನಿಯಮವೂ ಇದೆ: ಗೆದ್ದವನ ಇಂಜಿನ್ನನ್ನು ಮೊದಲೇ ಗೊತ್ತು ಮಾಡಿದ ಬೆಲೆಗೆ ಎದುರಾಳಿ ಕೇಳಿದರೆ ಕೊಡಲೇಬೇಕು. ಆ ಬೆಲೆಯ ಮೂರು ಪಟ್ಟು ಸುರಿದು ಇಂಜಿನ್ ಕಟ್ಟುವವನು ಎರಡು ಸಲ ಯೋಚಿಸುತ್ತಾನೆ. ನಮ್ಮ ಕಡೆ ಈ ನಿಯಮ ಬಂದರೆ ಕೆಲವು ಗ್ಯಾರೇಜುಗಳಲ್ಲಿ ದೊಡ್ಡ ಗಲಾಟೆಯೇ ನಡೆದೀತು, ಆದರೆ ಉಪಾಯ ಮಾತ್ರ ಜಾಣತನದ್ದು.

ನಮ್ಮಲ್ಲಿ ಇದೇ ಕಥೆ ನಡೆದದ್ದು ಯಮಹಾ ಆರ್‌ಎಕ್ಸ್ 100ರ ಮೇಲೆ. 98 ಸಿಸಿಯ, 11 ಹಾರ್ಸ್‌ಪವರಿನ ಟೂ ಸ್ಟ್ರೋಕ್. ಸಿಲಿಂಡರಿನ ಪೋರ್ಟ್ (ಅನಿಲ ಹೋಗಿಬರುವ ಕಂಡಿ) ಕೊರೆದು, ಎಕ್ಸ್‌ಪಾನ್ಷನ್ ಚೇಂಬರ್ ಹಾಕಿದರೆ ಹಾರುತ್ತದೆ, ನಿಜ. ಆದರೆ ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆತ್ತಿದಷ್ಟೂ ಕೆಳಗಿನ ಆರ್‌ಪಿಎಂನ ಎಳೆತ ಸಾಯುತ್ತದೆ. ಅಗಲ ಮಾಡಿದಷ್ಟೂ ರಿಂಗ್ ಪೋರ್ಟಿಗೆ ಸಿಕ್ಕಿ ಮುರಿಯುವ ಅಪಾಯ ಹೆಚ್ಚುತ್ತದೆ. ಜೆಟ್ಟಿಂಗ್, ಅಂದರೆ ಕಾರ್ಬುರೇಟರಿನ ಪೆಟ್ರೋಲಿನ ಹದ, ಸ್ವಲ್ಪ ತೆಳುವಾದರೂ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪಿಸ್ಟನ್, ರೀಬೋರ್, ಕನೆಕ್ಟಿಂಗ್ ರಾಡ್ ಕಿಟ್, ಕ್ರ್ಯಾಂಕ್ ಪ್ರೆಸ್ಸಿಂಗ್ ಎಂದು ಸಾಲು ಹಿಡಿದರೆ ಟೈರಿಗೂ ಎಂಟ್ರಿ ಫೀಗೂ ದುಡ್ಡು ಉಳಿಯುವುದಿಲ್ಲ. 1996ಕ್ಕೇ ತಯಾರಿಕೆ ನಿಂತ ಗಾಡಿಗೆ ಒಳ್ಳೆಯ ಸಿಲಿಂಡರ್ ಬ್ಲಾಕ್ ಹುಡುಕುವ ಪಾಡು ಬೇರೆ.

ಎಕ್ಸ್‌ಪಲ್ಸ್ ಕೊಳ್ಳುವವರು ಅದಕ್ಕೇ ಶೋರೂಮಿಗೆ ಹೋಗುವ ಮೊದಲು ತಮಗೆ ಬೇಕಾದ ಸ್ಪರ್ಧೆಯ ಸಪ್ಲಿಮೆಂಟರಿ ರೆಗ್ಯುಲೇಷನ್, ಅಂದರೆ ಆ ಸ್ಪರ್ಧೆಯದೇ ನಿಯಮಪಟ್ಟಿ, ಓದಬೇಕು. ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಅನುಮತಿಯ ಪ್ರತಿ ಸ್ಪರ್ಧೆಗೂ ಇಂಥದ್ದೊಂದು ಪ್ರಕಟವಾಗುತ್ತದೆ. ನೋಡಬೇಕಾದ್ದು ಸಿಸಿ ಗಡಿ, ‘ಸ್ಟಾಕ್’ ಎಂದರೆ ಏನೇನು ಬದಲಿಸಬಾರದು ಎಂಬ ಪಟ್ಟಿ, ಸೈಲೆನ್ಸರ್, ಏರ್ ಫಿಲ್ಟರ್, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಮತ್ತು ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಬಗ್ಗೆ ಬರೆದಿರುವ ಸಾಲುಗಳು. ಹಳೆಯ ಬೈಕಿಗೆ ಓವರ್‌ಸೈಜ್ ಪಿಸ್ಟನ್ ಹಾಕಿಸಿದವರು ಒಂದು ಸಣ್ಣ ಗುಣಾಕಾರ ಮಾಡಿ ನೋಡಲಿ. ಈ ಅಳತೆಯ ಇಂಜಿನ್ನಿನಲ್ಲಿ ಬೋರ್ (ಸಿಲಿಂಡರಿನ ಒಳವ್ಯಾಸ) 0.25 ಮಿ.ಮೀ. ಹೆಚ್ಚಿದರೆ ಸುಮಾರು ಒಂದೂವರೆ ಸಿಸಿ ಏರುತ್ತದೆ. 199.6ಕ್ಕೆ ಒಂದೂವರೆ ಸೇರಿದರೆ 201 ದಾಟಿತು. 200 ಸಿಸಿಗೆ ಗಡಿ ಹಾಕಿದ ಕ್ಲಾಸಿನಲ್ಲಿ ರೇಸ್ ಮುಗಿದ ಮೇಲೆ ಹೆಡ್ ಬಿಚ್ಚಿ ವರ್ನಿಯರ್ ಹಿಡಿದರೆ ಕಪ್ ವಾಪಸ್ ಕೊಡಬೇಕಾಗುತ್ತದೆ. ಸಿಲಿಂಡರ್ ಸವೆದಿದ್ದರೆ ಮೂಲ ಅಳತೆಯ ಹೊಸ ಬ್ಲಾಕ್-ಪಿಸ್ಟನ್ ಜೋಡಿ ಹಾಕಿಸುವುದೇ ಸರಿ.

ಇಂಜಿನ್ನಿಗೆ ಹೋಗದ ದುಡ್ಡು ಎಲ್ಲಿಗೆ ಹೋಗಬೇಕು? ಸಸ್ಪೆನ್ಷನ್ ಬೈಕಿನ ಜೊತೆಗೇ ಬಂದಿದೆ, ಆದರೆ ಹೊಂದಿಸದೆ ಓಡಿಸಿದರೆ ಕೊಟ್ಟ ದುಡ್ಡು ದಂಡ. ಬೈಕನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸಲಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಬೂಟು, ಗಾರ್ಡು ಎಲ್ಲ ತೊಟ್ಟ ಸವಾರ ಕೂತು, ಇನ್ನೊಬ್ಬರು ಬೈಕು ಹಿಡಿದುಕೊಂಡು, ಮತ್ತೊಬ್ಬರು ಅದೇ ಜಾಗ ಅಳೆಯಬೇಕು. ಎರಡರ ವ್ಯತ್ಯಾಸವೇ ಸ್ಯಾಗ್. 220 ಮಿ.ಮೀ. ಓಟಕ್ಕೆ ಅದು ಮೂರನೇ ಒಂದು ಭಾಗದ ಹತ್ತಿರ, 65ರಿಂದ 73 ಮಿ.ಮೀ. ಇರಲಿ. ಹೆಚ್ಚಿದ್ದರೆ ಪ್ರೀಲೋಡ್ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ನಮ್ಮ ಕಡೆಯ 55–60 ಕೆಜಿಯ ಹುಡುಗರಿಗೆ ಸಡಿಲಿಸುವ ಕೆಲಸವೇ ಬೀಳುವುದು ಜಾಸ್ತಿ. ಮುಂದೆಯೂ ಹಾಗೆಯೇ ಅಳೆದು 65–75 ಮಿ.ಮೀ.ಗೆ ತನ್ನಿ.

ಕಂಪ್ರೆಷನ್, ರಿಬೌಂಡ್ ಸ್ಕ್ರೂಗಳ ಕ್ಲಿಕ್ಕುಗಳನ್ನು ಸ್ಯಾಗ್ ಆದ ಮೇಲೆ ಮಾತ್ರ ಮುಟ್ಟಬೇಕು. ಮೊದಲು ಪೂರ್ತಿ ಮುಚ್ಚಿ, ತೆರೆಯುತ್ತ ಎಣಿಸಿ, ಈಗ ಎಷ್ಟರಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್. ಲಕ್ಷಣ ಓದುವುದು ಕಷ್ಟವಿಲ್ಲ: ಒಂದೇ ಗುಂಡಿಗೆ ಹಿಂಬದಿ ಮೇಲಕ್ಕೆ ಒದ್ದರೆ ರಿಬೌಂಡ್ ವೇಗ ಹೆಚ್ಚಾಗಿದೆ, ಎರಡು ಕ್ಲಿಕ್ ಮುಚ್ಚಿ. ಸಾಲಾಗಿ ಬರುವ ಗುಂಡಿಗಳಲ್ಲಿ ಮೊದಲೆರಡು ಮೆತ್ತಗಿದ್ದು ನಾಲ್ಕನೆಯದರ ಹೊತ್ತಿಗೆ ಬೈಕು ಕಲ್ಲಾದರೆ ರಿಬೌಂಡ್ ನಿಧಾನವಾಗಿದೆ. ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಗುಂಡಿ ಸಿಕ್ಕಿ, ಶಾಕ್ ಒತ್ತಿಕೊಂಡೇ ಉಳಿದುಬಿಡುತ್ತಿದೆ. ಅದನ್ನು ತೆರೆಯಬೇಕು. ಬಹಳ ಜನ ಇಲ್ಲಿ ಕಂಪ್ರೆಷನ್ ಮೆತ್ತಗೆ ಮಾಡಲು ಹೋಗುತ್ತಾರೆ, ರೋಗ ಇನ್ನೂ ಉಲ್ಬಣಿಸುತ್ತದೆ.

ಟೈರೇ ಅತಿ ದೊಡ್ಡ ಓಡಾಟದ ಖರ್ಚು. ಕಂಪನಿಯ ಟೈರು ರಸ್ತೆಗೂ ಮಣ್ಣಿಗೂ ಎಂಬ ಜಾತಿಯದು; ಒಣಗಿದ ಗದ್ದೆಯಲ್ಲಿ ಅಭ್ಯಾಸಕ್ಕೆ ಸಾಕು, ಸ್ಪರ್ಧೆಗೆ ಗುಬ್ಬಿ, ಅಂದರೆ ರಬ್ಬರಿನ ಉಬ್ಬುಗಳಿರುವ ಟೈರು ಬೇಕೇ ಬೇಕು. ಗಟ್ಟಿ ಚಿರೇಕಲ್ಲು ನೆಲಕ್ಕೆ ಒತ್ತೊತ್ತಾದ ಗಿಡ್ಡ ಗುಬ್ಬಿ, ರಾಡಿಗೆ ದೂರ ದೂರದ ಎತ್ತರದ ಗುಬ್ಬಿ. ಗಾಳಿ 14–18 ಪಿಎಸ್‌ಐ. ಅದಕ್ಕಿಂತ ಇಳಿಸಿದರೆ ವೇಗ ಹೆಚ್ಚಿಸುವಾಗ ಟೈರು ರಿಮ್ಮಿನ ಮೇಲೆ ಜಾರಿ, ಜೊತೆಗೆ ಟ್ಯೂಬನ್ನೂ ಎಳೆದು ವಾಲ್ವ್ ಬುಡವನ್ನು ಕಿತ್ತುಹಾಕುತ್ತದೆ. ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಹಾಕಿಸುವುದು ಕಡಿಮೆ ದುಡ್ಡಿನ ವಿಮೆ. ಹಾಕಿಸಿದ ಮೇಲೆ ವಾಲ್ವಿನ ಹೊರಗಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ. ವಾಲ್ವ್ ಕ್ಯಾಪಿನ ಬುಡಕ್ಕೆ ಬಿಗಿದಿಡಿ. ಟ್ಯೂಬ್ ಸ್ವಲ್ಪ ಸರಿದರೆ ವಾಲ್ವ್ ಓರೆಯಾಗಿ ಮೊದಲೇ ಸುಳಿವು ಕೊಡುತ್ತದೆ.

ಗೇರಿಂಗಿನಲ್ಲಿ ಮುಂದಿನ ಸ್ಪ್ರಾಕೆಟ್ಟನ್ನು 13 ಹಲ್ಲಿನಿಂದ 12ಕ್ಕೆ ಇಳಿಸಿದರೆ ಅನುಪಾತ ಶೇ. 8ರಷ್ಟು ಗಿಡ್ಡವಾಗುತ್ತದೆ. 19 ಹಾರ್ಸ್‌ಪವರಿಗೆ ಇದು ಇಂಜಿನ್ ಕೆಲಸಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ, ಬೆಲೆಯೋ ನೂರುಗಳಲ್ಲಿ. ಆದರೆ ಚಿಕ್ಕ ಸ್ಪ್ರಾಕೆಟ್ಟಿನಿಂದ ಚೈನು ಸ್ವಿಂಗ್‌ಆರ್ಮಿನ ರಬ್ಬರ್ ಸ್ಲೈಡರಿಗೆ ಹೆಚ್ಚು ಉಜ್ಜುತ್ತದೆ. ಅದು ಸವೆದು ಕಬ್ಬಿಣ ಕಾಣುವ ಮೊದಲೇ ಬದಲಿಸಿ. ಚೈನಿನ ಸಡಿಲವನ್ನು ಸಾಮಾನ್ಯ ಬೈಕಿನಂತೆ ನೋಡಿದರೂ ಎಡವಟ್ಟು. ಸಸ್ಪೆನ್ಷನ್ ಒತ್ತಿ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿನ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಇಬ್ಬರು ಹಿಂದೆ ಕೂತು ಒತ್ತಿದಾಗ ಆ ಸ್ಥಿತಿಯಲ್ಲಿ ಬೆರಳಿಗೆ ತುಸು ಆಟ ಸಿಗಬೇಕು. ಸ್ಟ್ಯಾಂಡಿನ ಮೇಲೆ ಚಂದ ಕಾಣಲೆಂದು ಬಿಗಿದರೆ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗ್ ತಿನ್ನುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಬೈಕಿನ ನಿಜವಾದ ಶತ್ರು ಕೆಂಪು ಹುಡಿ. ಫೆಬ್ರುವರಿಯಿಂದ ಮೇವರೆಗೆ ಏಳುವ ಚಿರೇಕಲ್ಲಿನ ಧೂಳು ಗೋಧಿಹಿಟ್ಟಿನಷ್ಟು ನಯ. ಫಿಲ್ಟರಿನ ಅಂಚಿನಲ್ಲಿ ಕೂದಲೆಳೆ ಸಂದು ಸಿಕ್ಕರೂ ಒಳನುಗ್ಗಿ ರಿಂಗನ್ನು ಮಸೆಯುತ್ತದೆ. ಪೇಪರ್ ಫಿಲ್ಟರನ್ನು ತೊಳೆಯಬಾರದು, ಕಂಪ್ರೆಸರ್ ಗಾಳಿ ಹೊಡೆದು ‘ಹೊಸದು’ ಮಾಡುವುದೂ ಬೇಡ. ಕಾಗದ ಹರಿದರೆ ಕಣ್ಣಿಗೆ ಕಾಣುವುದಿಲ್ಲ. ಎರಡು ದಿನದ ಸ್ಪರ್ಧೆ ಮುಗಿದರೆ ಬದಲಿಸಿ. ಹಾಕುವಾಗ ರಬ್ಬರ್ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚಿದಾಗ ಫಿಲ್ಟರಿನ ಒಳಬದಿಯ ಪೈಪನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಕೆಂಪು ಹತ್ತಿದರೆ ಸಂದು ಎಲ್ಲೋ ಇದೆ. ಆಯಿಲನ್ನೂ ಸ್ಪರ್ಧೆಗೊಮ್ಮೆ ಬದಲಿಸಿ. ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಡಬ್ಬಿಯ ಮೇಲೆ ಜಾಸೊ ಎಂಎ ಗುರುತು ಇರಲೇಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಮಳೆಗಾಲದಲ್ಲಿ ಸಮಸ್ಯೆ ತಿರುಗುಮುರುಗು. ರಾಡಿ ಆಯಿಲ್ ಕೂಲರಿನ ರೆಕ್ಕೆಗಳಲ್ಲಿ ತುಂಬಿ ಒಣಗಿದರೆ ಇಂಜಿನ್ ಬಿಸಿಯಾಗುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ ಹಿಡಿದರೆ ರೆಕ್ಕೆ ಮಡಚಿಹೋಗುತ್ತದೆ, ಬೇರಿಂಗಿಗೂ ನೀರು ನುಗ್ಗುತ್ತದೆ. ನೆನೆಸಿಟ್ಟು, ಮೆತ್ತನೆ ಬ್ರಷ್ಷಿನಲ್ಲಿ ತೆಗೆಯಿರಿ. ಕಾರವಾರ, ಹೊನ್ನಾವರದಂಥ ಕಡಲ ಪಕ್ಕದವರು ಸ್ಪೋಕ್ ನಿಪ್ಪಲ್ಲುಗಳಿಗೆ ಎಣ್ಣೆ ಮುಟ್ಟಿಸುತ್ತಿರಬೇಕು. ಉಪ್ಪುಗಾಳಿಗೆ ಅವು ಕಚ್ಚಿಕೊಂಡರೆ ಬಿಗಿ ಮಾಡುವಾಗ ಸ್ಪೋಕೇ ತಿರುಚುತ್ತದೆ.

ಕುಂದುಗಳೂ ಇವೆ. 160 ಕೆಜಿಯ ತೂಕ ದೊಡ್ಡದು. ಮೋಟೊಕ್ರಾಸ್‌ಗೆಂದೇ ಮಾಡಿದ 250 ಸಿಸಿ ಬೈಕುಗಳು 105 ಕೆಜಿ ಆಸುಪಾಸು ಇರುತ್ತವೆ. ಹಾಗಾಗಿ ಸಾಲು ಜಂಪುಗಳ ಸೂಪರ್‌ಕ್ರಾಸಿಗೆ ಇದನ್ನು ಒಯ್ಯಬೇಡಿ; 250 ಮಿ.ಮೀ. ಓಟವಿದ್ದರೂ ಎತ್ತರದಿಂದ ಬಿದ್ದಾಗ ಇಷ್ಟು ತೂಕವನ್ನು ಈ ಸ್ಪ್ರಿಂಗು ತಡೆಯದು. ಐದೂವರೆ ಅಡಿಗಿಂತ ಗಿಡ್ಡ ಇರುವವರಿಗೆ ಸೀಟಿನ ಎತ್ತರ ಕಾಡುತ್ತದೆ, ರಾಡಿಯಲ್ಲಿ ನಿಂತಾಗ ಒಂದೇ ಕಾಲು ನೆಲಕ್ಕೆ ಸಿಗುತ್ತದೆ. 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ಲಿಕ್ವಿಡ್ ಕೂಲಿಂಗ್, ಆರು ಗೇರು, 24.6 ಪಿಎಸ್ ಕೊಡುತ್ತದೆ. ದೇವಿಮನೆ ಘಟ್ಟ ಹತ್ತುವಾಗ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾದೀತು. ಆದರೆ ಅದರ ಸಸ್ಪೆನ್ಷನ್ ಓಟ 210 ಮತ್ತು 205 ಮಿ.ಮೀ. ಮಾತ್ರ, ಮೇಲಾಗಿ 200 ಸಿಸಿ ಗಡಿಯ ಕ್ಲಾಸಿಗೆ ಅದಕ್ಕೆ ಪ್ರವೇಶವಿಲ್ಲ. ದಿನವೂ ಓಡಿಸಿ ವರ್ಷಕ್ಕೊಮ್ಮೆ ಸ್ಪರ್ಧೆಗೆ ಹೋಗುವವರು 210 ನೋಡಲಿ, ಸ್ಪರ್ಧೆಗೆಂದೇ ಕೊಳ್ಳುವವರಿಗೆ 200ರ ರ್‍ಯಾಲಿ ಎಡಿಷನ್ನೋ ಪ್ರೊನೋ ಸರಿ.

ಅಭ್ಯಾಸಕ್ಕೆ ಕೊಯ್ಲಾದ ಗದ್ದೆ, ಮಾಲೀಕರ ಒಪ್ಪಿಗೆಯಿರುವ ಬ್ಯಾಣ (ಹುಲ್ಲುಗಾವಲು) ಸಾಕು. ಕಡಲತೀರ ಬೇಡ, ಕಾಸರಕೋಡು ಟೊಂಕದಂಥ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುವ ಜಾಗಗಳವು. ಕಾಡಿನೊಳಗಿನ ದಾರಿ ಹಿಡಿದರೆ ಅರಣ್ಯ ಇಲಾಖೆ ಬೈಕನ್ನೇ ಎತ್ತಿಕೊಂಡು ಹೋದೀತು.

ಸೆಕೆಂಡ್ ಹ್ಯಾಂಡ್ ನೋಡುವವರು ಮೀಟರ್ ನಂಬಬೇಡಿ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ, ಗೀರು ಸಿಕ್ಕರೆ ಆಯಿಲ್ ಸೀಲ್ ನಿಲ್ಲುವುದಿಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಕಚ್ಚಿದಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಸ್ಪ್ಯಾನರಿನಲ್ಲಿ ಸ್ಪೋಕ್ ಒಂದೊಂದನ್ನೇ ತಟ್ಟಿ, ಠಣ್ ಎನ್ನದೆ ಡಬ್ ಎಂದದ್ದು ಸಡಿಲವಾಗಿದೆ. ಇಂಜಿನ್ ಕೇಸಿನ ಬೋಲ್ಟುಗಳ ತಲೆ ನೋಡಿ: ಮೂಲೆ ಸವೆದು ದುಂಡಗಾಗಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಆಗ ಹೆಡ್ ಬಿಚ್ಚಿ ಬೋರ್ ಅಳೆಯಲು ಮಾಲೀಕ ಒಪ್ಪದಿದ್ದರೆ ಮುಂದಿನ ಬೈಕಿಗೆ ಹೋಗಿ.