ಪಿಪಿಎಂ, ಬಿಎಂಪಿ, ಟಿಜಿಎ: ಲೈಬ್ರರಿ ಇಲ್ಲದೆ ಚಿತ್ರ ಉಳಿಸೋಕೆ ಯಾವುದು ಸಲೀಸು?

ರೇ ಟ್ರೇಸರ್ (ಬೆಳಕಿನ ಕಿರಣಗಳ ಲೆಕ್ಕ ಹಾಕಿ ಚಿತ್ರ ಮಾಡುವ ಪ್ರೋಗ್ರಾಂ) ಬರೆಯುವಾಗ ಪಿಕ್ಸೆಲ್‌ಗಳೆಲ್ಲ ಮೆಮೊರಿಯಲ್ಲಿ ರೆಡಿ ಇರುತ್ತವೆ. ಅವನ್ನು ಫೈಲ್‌ಗೆ ಹಾಕೋಕೆ ಅಂತ ಒಂದು ಲೈಬ್ರರಿ ಜೋಡಿಸುವುದು ನನಗೆ ಇಷ್ಟವಿಲ್ಲ. ಹಾಗಾಗಿ 640 × 480 ಅಳತೆಯ ಒಂದೇ ಚಿತ್ರವನ್ನು ಸಿ ಭಾಷೆಯಲ್ಲಿ ಪಿಪಿಎಂ, ಬಿಎಂಪಿ, ಟಿಜಿಎ, ಪಿಎನ್‌ಜಿ ಅನ್ನುವ ಬೇರೆ ಬೇರೆ ಚಿತ್ರ ಫಾರ್ಮ್ಯಾಟ್‌ಗೆ ಬರೆದು ನೋಡಿದೆ.

ಪಿಪಿಎಂ ತುಂಬಾ ಸುಲಭ. ಮೊದಲು ಪಿ6, ಅಗಲ, ಎತ್ತರ, 255 ಅಂತ ಅಕ್ಷರದಲ್ಲೇ ಬರೆಯಬೇಕು. ಇಷ್ಟಕ್ಕೆ 15 ಬೈಟ್. ಆಮೇಲೆ ಮೇಲಿನ ಸಾಲಿನಿಂದ ಶುರುಮಾಡಿ ಕೆಂಪು, ಹಸಿರು, ನೀಲಿ ಬೈಟ್‌ಗಳನ್ನು ಸುರಿದರೆ ಮುಗಿಯಿತು. ಫೈಲ್ 9,21,615 ಬೈಟ್ ಆಗುತ್ತದೆ. ಪಿ3 ಅನ್ನುವ ತಮ್ಮನೂ ಇದ್ದಾನೆ. ಅವನು ಬಣ್ಣಗಳನ್ನೂ ಅಂಕಿಗಳಾಗಿಯೇ ಬರೆಯುತ್ತಾನೆ. ಎಡಿಟರ್‌ನಲ್ಲಿ ತೆರೆದು ಪಿಕ್ಸೆಲ್ ಓದಬಹುದು, ಆದರೆ ಫೈಲ್ ಊದಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಫೈಲನ್ನು ಬೈನರಿ ಮೋಡ್‌ನಲ್ಲೇ ತೆರೆಯಿರಿ. ಇಲ್ಲದಿದ್ದರೆ 10 ಅನ್ನುವ ಬೆಲೆ ಬಂದಲ್ಲೆಲ್ಲ ಅದರ ಹಿಂದೆ ಒಂದು 13 ಸುಮ್ನೆ ಬಂದು ಕೂರುತ್ತದೆ. ಅಲ್ಲಿಂದ ಮುಂದಕ್ಕೆ ಬಣ್ಣವೆಲ್ಲ ಕಲಸುಮೇಲೋಗರ.

ಪಿಪಿಎಂ ಜೊತೆಗಿನ ತಕರಾರು ಒಂದೇ: ಗಿಂಪ್, ಇಮೇಜ್‌ಮ್ಯಾಜಿಕ್‌ನಂಥ ಚಿತ್ರದ ಸಾಫ್ಟ್‌ವೇರ್‌ಗಳು ತೆರೆಯುತ್ತವೆ, ಬ್ರೌಸರ್ ತೆರೆಯುವುದಿಲ್ಲ. ಬೇರೆಯವರಿಗೆ ಕಳಿಸಿದರೆ "ಇದೇನು ಫೈಲ್?" ಅಂತ ಕೇಳುತ್ತಾರೆ.

ಬಿಎಂಪಿಗೆ ಆ ತೊಂದರೆ ಇಲ್ಲ. ಬದಲಿಗೆ ಕಿರಿಕಿರಿಯೆಲ್ಲ ಬರೆಯುವವರಿಗೆ. ಹೆಡರ್, ಅಂದರೆ ಚಿತ್ರದ ವಿವರ ಹೇಳುವ ಮೊದಲ ಭಾಗ, 54 ಬೈಟ್. ಬಣ್ಣಗಳ ಕ್ರಮ ನೀಲಿ, ಹಸಿರು, ಕೆಂಪು. ಸಾಲುಗಳು ಕೆಳಗಿನಿಂದ ಮೇಲಕ್ಕೆ. ಅದರ ಮೇಲೆ ಪ್ರತಿ ಸಾಲಿನ ಬೈಟ್‌ಗಳು ನಾಲ್ಕರಿಂದ ಭಾಗವಾಗಲೇಬೇಕು. ಅಗಲ 640 ಇದ್ದರೆ 1920 ಬೈಟ್, ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ ಕೋಡ್‌ನಲ್ಲಿ ತಪ್ಪಿದ್ದರೂ ಕಾಣುವುದಿಲ್ಲ. 641 ಮಾಡಿ ನೋಡಿ: 1923 ಬೈಟ್, ಇನ್ನೊಂದು ಸೇರಿಸದಿದ್ದರೆ ಚಿತ್ರ ಓರೆಯಾಗುತ್ತದೆ. ಹೆಡರನ್ನು ಸ್ಟ್ರಕ್ಟ್ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಸಿ ರಚನೆ) ಮಾಡಿ ಒಮ್ಮೆಗೇ ಬರೆಯೋಣ ಅಂದರೆ ಅಲ್ಲೂ ಕಾಟ. ಮೊದಲ 14 ಬೈಟ್‌ನ ಭಾಗವನ್ನು ಕಂಪೈಲರ್ ಸಾಮಾನ್ಯವಾಗಿ ನಡುವೆ ಖಾಲಿ ಬೈಟ್ ಸೇರಿಸಿ 16 ಮಾಡುತ್ತದೆ. ಒಂದೊಂದೇ ಬೈಟ್ ಬರೆಯುವುದೇ ವಾಸಿ.

ಟಿಜಿಎ ನನಗೆ ಅಚ್ಚರಿಯಾಗುವಷ್ಟು ಹಿಡಿಸಿತು. ಹೆಡರ್ 18 ಬೈಟ್, ಅದರಲ್ಲಿ ಜಾಸ್ತಿ ಸೊನ್ನೆಗಳೇ. ಬಣ್ಣದ ಕ್ರಮ ಇಲ್ಲೂ ತಿರುಗುಮುರುಗು, ಆದರೆ ಸಾಲು ತುಂಬಿಸುವ ರಗಳೆ ಇಲ್ಲ. ಹೆಡರ್‌ನ ಕೊನೆಯ ಬೈಟ್ 32 ಇಟ್ಟರೆ ಮೇಲಿನ ಸಾಲಿನಿಂದಲೇ ಬರೆಯಬಹುದು. ಆಲ್ಫಾ (ಪಾರದರ್ಶಕತೆ) ಬೇಕಿದ್ದರೆ ಅದೇ ಬೈಟ್ 40, ಪಿಕ್ಸೆಲ್‌ಗೆ 32 ಬಿಟ್.

ಪಿಎನ್‌ಜಿಯನ್ನೂ ಬಿಡಲಿಲ್ಲ. ಕಂಪ್ರೆಸ್ ಮಾಡದೆಯೂ ಅದನ್ನು ಬರೆಯಬಹುದು ಅಂತ ತುಂಬಾ ಜನ ಯೋಚಿಸುವುದಿಲ್ಲ. ಡೇಟಾವನ್ನು ಹೆಚ್ಚೆಂದರೆ 65,535 ಬೈಟ್‌ನ ತುಂಡು ಮಾಡಿ ಹಾಗೇ ಇಡಬೇಕು, ಪ್ರತಿ ಸಾಲಿನ ಮುಂದೆ ಒಂದು ಸೊನ್ನೆ ಬೈಟ್ ಹಾಕಬೇಕು. ಡೇಟಾ ಕೆಟ್ಟಿಲ್ಲ ಅಂತ ಪರೀಕ್ಷಿಸುವ ಸಿಆರ್‌ಸಿ ಮತ್ತು ಆಡ್ಲರ್ ಲೆಕ್ಕಗಳಿಗೆ ಎರಡು ಪುಟ್ಟ ಫಂಕ್ಷನ್ ಸಾಕು. ಫೈಲ್ ಪಿಪಿಎಂಗಿಂತ ಚೂರು ದೊಡ್ಡದು, ಆದರೆ ಬ್ರೌಸರ್‌ನಲ್ಲಿ ತೆರೆಯುತ್ತದೆ. ಬಿಎಂಪಿಯ ಗೋಳಿಗೆ ಹೋಲಿಸಿದರೆ ಈ ಶ್ರಮ ಜಾಸ್ತಿ ಅನಿಸಲಿಲ್ಲ.

ಈಗ ನನ್ನ ಕೋಡ್‌ನಲ್ಲಿ ದಿನದ ಕೆಲಸಕ್ಕೆ ಪಿಪಿಎಂ ಇದೆ, ಆಲ್ಫಾ ಇರುವ ಟೆಕ್ಸ್ಚರ್‌ಗಳಿಗೆ (ವಸ್ತುಗಳ ಮೈಮೇಲೆ ಅಂಟಿಸುವ ಚಿತ್ರಗಳಿಗೆ) ಟಿಜಿಎ, ಬೇರೆಯವರಿಗೆ ಕೊಡೋಕೆ ಪಿಎನ್‌ಜಿ. ಬಿಎಂಪಿ ಫಂಕ್ಷನ್ ಅಳಿಸಿಹಾಕಿದೆ.